ತಿಪ್ಪಣ್ಣ ಎಂಬ ಹೆಸರು, ಆರ್‌ಎನ್‌ಎ ಮೇಲಿನ ಗುರುತು

ಯಲಬುರ್ಗಾ, ಕುಷ್ಟಗಿ ಸೀಮೆಯ ಯಾವುದಾದರೂ ಹಳ್ಳಿಯ ಮತದಾರರ ಪಟ್ಟಿ ಸಿಕ್ಕರೆ ಒಮ್ಮೆ ಕಣ್ಣಾಡಿಸಿ. ತಿಪ್ಪಣ್ಣ, ತಿಪ್ಪವ್ವ, ಹುಚ್ಚಪ್ಪ, ಗುಂಡಪ್ಪ ಅಂತ ವಯಸ್ಸಾದವರ ಹೆಸರುಗಳು ಸಿಗುತ್ತವೆ. ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲೂ ತಿಪ್ಪಣ್ಣ ಅಂತ ಇಡುತ್ತಾರೆ, ಅದು ಬೇರೆ. ಆದರೆ ಎಷ್ಟೋ ತಿಪ್ಪಣ್ಣಂದಿರ ಹಿಂದೆ ಒಂದೇ ಕಥೆ. ಅವರಿಗಿಂತ ಮೊದಲು ಆ ತಾಯಿಯ ಹೊಟ್ಟೆಯಲ್ಲಿ ಎರಡೋ ಮೂರೋ ಕೂಸು ನಿಂತಿರಲಿಲ್ಲ, ಇಲ್ಲವೇ ಹುಟ್ಟಿ ಉಳಿದಿರಲಿಲ್ಲ. ಕೊನೆಗೆ ಒಂದು ಉಳಿಯಿತು. ಅದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಮಲಗಿಸಿ, ಬೇರೆ ಯಾರೋ ಎತ್ತಿ ಕೊಟ್ಟ ಹಾಗೆ ಮಾಡಿ ಮನೆಗೆ ತಂದರು. ಇದು ಕಸ, ಬೆಲೆಯಿಲ್ಲದ್ದು, ಒಯ್ಯಬೇಡ ಅಂತ ಸಾವಿಗೆ ಹೇಳುವ ಉಪಾಯ.

ನಮ್ಮ ದೊಡ್ಡಪ್ಪನ ಹೆಸರೂ ತಿಪ್ಪಣ್ಣ. ಅವನಿಗಿಂತ ಮೊದಲು ಅಜ್ಜಿಗೆ ಮೂರು ಸಲ ಬಸಿರು ಇಳಿದಿತ್ತು. 'ಈಕಿಗೆ ಹೊಟ್ಟಿ ನಿಲ್ಲವಲ್ದು' ಅಂತ ಅಜ್ಜನಿಗೆ ಇನ್ನೊಂದು ಹೆಣ್ಣು ನೋಡಿ ಮಾತು ಆಡಿ ಬಂದಿದ್ದರಂತೆ. ಅಷ್ಟರಲ್ಲಿ ನಾಲ್ಕನೆಯದು ನಿಂತಿತು, ಕುಬಸ ಆಯಿತು, ಮಾತು ಮುರಿಯಿತು. ಇದನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ನಾನೂ ನಗುತ್ತಿದ್ದೆ.

ನಮ್ಮ ಕೊಪ್ಪಳ ಕಲ್ಲಿನ ಮೇಲೆ ಬರೆದಿಟ್ಟ ಊರು. ಪಾಲ್ಕಿಗುಂಡಿನಲ್ಲಿ, ಗವಿಮಠದಲ್ಲಿ ಅಶೋಕನ ಶಾಸನ ಇದೆ. ಪಾಲ್ಕಿಗುಂಡಿನ ಬೆಟ್ಟದಲ್ಲೇ ಜಟಾಸಿಂಹನಂದಿ ಆಚಾರ್ಯರ ಪಾದದ ಗುರುತೂ ಇದೆ. ರಾಜನಿಗೆ, ಮುನಿಗೆ, ಯುದ್ಧದಲ್ಲಿ ಸತ್ತವನಿಗೆ ಕಲ್ಲು ಸಿಕ್ಕಿತು. ಬಸಿರು ಇಳಿದ ಹೆಂಗಸಿಗೆ ಯಾವ ಕಲ್ಲೂ ಇಲ್ಲ. ಹಾಗಾಗಿ ಈ ಚರಿತ್ರೆ ಹುಡುಕುವವರು ಮಕ್ಕಳ ಹೆಸರು ನೋಡಬೇಕು, ಆಮೇಲೆ ವೈದ್ಯರ ಪುಸ್ತಕ ನೋಡಬೇಕು.

ಪುಸ್ತಕದಿಂದಲೇ ಶುರು ಮಾಡೋಣ. ಮೇಲಿಂದ ಮೇಲೆ ಗರ್ಭ ಹೋಗುವುದಕ್ಕೆ ಚರಕಸಂಹಿತೆಯಲ್ಲಿ ಒಂದು ಹೆಸರಿದೆ, 'ಪುತ್ರಘ್ನೀ'. ವಾತ ಕೆರಳಿ ರಕ್ತ ಕೆಡುತ್ತದೆ, ಅದರಿಂದ ಗರ್ಭ ಮತ್ತೆ ಮತ್ತೆ ನಾಶವಾಗುತ್ತದೆ ಅನ್ನುವ ವಿವರಣೆ. ಸರಿಯೋ ತಪ್ಪೋ, ಅದು ದೇಹದ ಮಾತು. ಕಾಶ್ಯಪಸಂಹಿತೆಯ ರೇವತೀಕಲ್ಪಕ್ಕೆ ಬಂದರೆ ದನಿಯೇ ಬೇರೆ. ಅಲ್ಲಿ ಜಾತಹಾರಿಣಿ ಅನ್ನುವವಳು ಬರುತ್ತಾಳೆ, ಕೂಸನ್ನು ಕದಿಯುವವಳು. ಅವಳು ಯಾರೊಳಗೆ ಹೊಗುತ್ತಾಳೆ? ಧರ್ಮ ತಪ್ಪಿದ ಹೆಂಗಸಿನೊಳಗೆ. ಅಂದರೆ ಕೂಸು ಹೋದದ್ದು ಸಾಲದು, ಹೋದದ್ದೇ ಅವಳ ನಡತೆಗೆ ಸಾಕ್ಷಿಯೂ ಆಯಿತು! ಈ ಪುಸ್ತಕ ನಮ್ಮ ಹಳ್ಳಿಗಳಲ್ಲಿ ಯಾರೂ ಓದಿಲ್ಲ. ಆದರೆ 'ಏನ್ ಪಾಪ ಮಾಡಿದ್ಳೋ' ಅನ್ನುವ ಮಾತು ಯಾರಿಗೂ ಹೊಸದಲ್ಲ.

ಇನ್ನು ಆಧುನಿಕ ವೈದ್ಯಶಾಸ್ತ್ರ ಏನು ಮಾಡಿತು? ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ನಮ್ಮ ಅಜ್ಜಿಯ ಕಥೆಗೆ ಇದೇ ಕೀಲಿ.

1938ರಲ್ಲಿ ಇಂಗ್ಲೆಂಡಿನ ಪರ್ಸಿ ಮಾಲ್ಪಾಸ್ ಎಂಬ ವೈದ್ಯರು ಒಂದು ಲೆಕ್ಕ ಹಾಕಿದರು. ಮೂರು ಸಲ ಗರ್ಭಪಾತ ಆದವಳಿಗೆ ನಾಲ್ಕನೆಯದೂ ಹೋಗುವ ಸಂಭವ 73 ಶೇಕಡಾ ಅಂದರು. ಹೆಂಗಸರನ್ನು ಹಿಂಬಾಲಿಸಿ ಎಣಿಸಿದ್ದಲ್ಲ ಅದು, ಕಾಗದದ ಮೇಲಿನ ಲೆಕ್ಕ. ಆದರೂ ಎಲ್ಲರೂ ನಂಬಿದರು. ನಂಬಿದ್ದರ ಪರಿಣಾಮ ನೋಡಿ. ಯಾವುದೋ ಔಷಧಿ ಕೊಟ್ಟೆ, ನೂರರಲ್ಲಿ ಅರವತ್ತೈದು ಮಂದಿ ಹೆತ್ತರು ಅಂದರೆ, ಅಬ್ಬಾ, ಇಪ್ಪತ್ತೇಳು ಆಗಬೇಕಾದಲ್ಲಿ ಅರವತ್ತೈದು! ಪವಾಡ!

ಹಾಗೆ ಬಂದ ಪವಾಡವೇ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್, ಚಿಕ್ಕದಾಗಿ ಡಿಇಎಸ್. ಇಂಗ್ಲೆಂಡಿನಲ್ಲಿ 1938ರಲ್ಲೇ ತಯಾರಾದ ಕೃತಕ ಹಾರ್ಮೋನು ಇದು. ಅಮೆರಿಕದ ಬಾಸ್ಟನ್ನಿನಲ್ಲಿ ಜಾರ್ಜ್ ಮತ್ತು ಆಲಿವ್ ಸ್ಮಿತ್ ದಂಪತಿ ಇದು ಗರ್ಭ ಉಳಿಸುತ್ತದೆ ಅಂದರು. 1953ರಲ್ಲಿ ಷಿಕಾಗೋದ ವಿಲಿಯಂ ಡೀಕ್‌ಮನ್ ಸರಿಯಾದ ಪರೀಕ್ಷೆ ಮಾಡಿದರು. ಸುಮಾರು 1,600 ಗರ್ಭಿಣಿಯರಲ್ಲಿ ಅರ್ಧ ಜನಕ್ಕೆ ಡಿಇಎಸ್, ಅರ್ಧ ಜನಕ್ಕೆ ಔಷಧಿಯಿಲ್ಲದ ಗುಳಿಗೆ. ಪ್ರಯೋಜನ ಶೂನ್ಯ. ಆದರೂ ಗುಳಿಗೆ ನಿಲ್ಲಲಿಲ್ಲ, ಇನ್ನೂ 18 ವರ್ಷ ಬರೆದುಕೊಟ್ಟರು. 1971ರಲ್ಲಿ ಬಾಸ್ಟನ್ನಿನಲ್ಲೇ ಎಂಟು ಹೆಣ್ಣುಮಕ್ಕಳಲ್ಲಿ, ಆ ವಯಸ್ಸಿನಲ್ಲಿ ಬರಲೇಬಾರದ ಯೋನಿಯ ಕ್ಯಾನ್ಸರ್ ಕಾಣಿಸಿತು. ಎಂಟರಲ್ಲಿ ಏಳು ಜನರ ತಾಯಂದಿರು ಬಸುರಿಯಾಗಿದ್ದಾಗ ಡಿಇಎಸ್ ತೆಗೆದುಕೊಂಡವರು. ಕೂಸು ಉಳಿಸಲು ನುಂಗಿದ್ದು ಕೂಸಿಗೇ ಮುಳ್ಳಾಯಿತು.

ನಿಜವಾದ ಲೆಕ್ಕ ಬಂದದ್ದು 1964ರಲ್ಲಿ. ಕೆನಡಾದ ಡೊರೋತಿ ವಾರ್ಬರ್ಟನ್ ಮತ್ತು ಕ್ಲಾರ್ಕ್ ಫ್ರೇಸರ್ ಕುಟುಂಬಗಳ ದಾಖಲೆ ಎಣಿಸಿ ನೋಡಿದಾಗ, ಹಿಂದೆ ಗರ್ಭ ಹೋದವರಿಗೂ ಮತ್ತೆ ಹೋಗುವ ಸಂಭವ 25ರಿಂದ 30 ಶೇಕಡಾದ ಆಸುಪಾಸಿನಲ್ಲೇ ಇತ್ತು. ಇನ್ನೂ ಹತ್ತಿರದ್ದು ಬೇಕಾದರೆ 2015ರದು ಕೇಳಿ. ಕಾರಣ ಗೊತ್ತಾಗದೆ ಮೇಲಿಂದ ಮೇಲೆ ಗರ್ಭಪಾತ ಆದ 836 ಹೆಂಗಸರ ಮೇಲೆ ಬ್ರಿಟನ್, ನೆದರ್ಲೆಂಡ್ಸ್‌ನಲ್ಲಿ ಪ್ರೊಜೆಸ್ಟೆರಾನ್ ಪರೀಕ್ಷೆ ನಡೆಯಿತು. ಔಷಧಿ ಪಡೆದವರಲ್ಲಿ 65.8 ಶೇಕಡಾ ಹೆತ್ತರು. ಖಾಲಿ ಗುಳಿಗೆ ಪಡೆದವರಲ್ಲಿ 63.3. (ಬಸುರಿಯಲ್ಲಿ ರಕ್ತ ಕಾಣಿಸಿಕೊಂಡವರ ಮಾತು ಬೇರೆ. ಅವರಲ್ಲಿ, ಅದೂ ಮೊದಲು ಗರ್ಭ ಹೋದವರಲ್ಲಿ, ಪ್ರೊಜೆಸ್ಟೆರಾನ್ ಸ್ವಲ್ಪ ಸಹಾಯ ಮಾಡುತ್ತದೆ ಅಂತ 2019ರ ಪರೀಕ್ಷೆ ಹೇಳಿತು.)

ಆ 63 ಅನ್ನು ಹಿಡಿದುಕೊಳ್ಳಿ. ವಯಸ್ಸು ಹೆಚ್ಚಿದ ಹಾಗೆ ಅದು ಇಳಿಯುತ್ತದೆ, ನಿಜ. ಆದರೆ ಏನೂ ಮಾಡದಿದ್ದರೂ ಮೂವರಲ್ಲಿ ಇಬ್ಬರಿಗೆ ಹತ್ತಿರ ಹತ್ತಿರ ಮುಂದಿನ ಕೂಸು ನಿಲ್ಲುತ್ತಿತ್ತು. ಹಾಗಾದರೆ ಅದಕ್ಕಿಂತ ಮುಂಚೆ ಏನು ಮಾಡಿದ್ದರೋ ಅದಕ್ಕೆ ಹೆಸರು ಬರುತ್ತದೆ. ಹುಲಗಿಯ ಹುಲಿಗೆಮ್ಮನ ಹರಕೆ, ದರ್ಗಾದ ದಾರ, ಬೇರು ತೇದು ಕುಡಿಸಿದ ಔಷಧಿ, ಬಾಸ್ಟನ್ನಿನ ಗುಳಿಗೆ, ತಿಪ್ಪೆ. ನಮ್ಮ ಅಜ್ಜನಿಗೆ ಎರಡನೇ ಹೆಣ್ಣು ನೋಡಲು ಹೋದವರಿಗೆ ಈ ಅಂಕಿ ಗೊತ್ತಿದ್ದರೆ? ಅವರ ಕಾಲಕ್ಕೆ ಪಟ್ಟಣದ ದೊಡ್ಡ ಡಾಕ್ಟರಿಗೂ ಗೊತ್ತಿರಲಿಲ್ಲ ಬಿಡಿ.

ಇಷ್ಟು ಹೇಳಿದ್ದು ಯಾಕೆಂದರೆ, ಈಗ ಸಾಲಿನಲ್ಲಿ ಹೊಸಬರು ನಿಂತಿದ್ದಾರೆ. ಆರ್‌ಎನ್‌ಎ ಮೇಲಿನ ಗುರುತುಗಳು.

ಡಿಎನ್‌ಎ ಅಂದರೆ ತಹಸೀಲ್ದಾರ್ ಕಚೇರಿಯ ಮೂಲ ದಾಖಲೆ ಅಂದುಕೊಳ್ಳಿ, ಹೊರಗೆ ಕೊಡುವುದಿಲ್ಲ. ಕೆಲಸಕ್ಕೆ ಬೇಕಾದಾಗ ಒಂದು ನಕಲು ಕೊಡುತ್ತಾರೆ, ಅದು ಆರ್‌ಎನ್‌ಎ. ಆ ನಕಲಿನ ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಾರೆ: ಇದನ್ನು ಜೋಪಾನ ಇಡು, ಇದನ್ನು ಬೇಗ ಹರಿದು ಹಾಕು. ಅಕ್ಷರ ಬದಲಾಗುವುದಿಲ್ಲ, ಹಣೆಬರಹ ಬದಲಾಗುತ್ತದೆ. ಆ ಗೀಟುಗಳಲ್ಲಿ ಬಹಳ ಸಾಮಾನ್ಯವಾದದ್ದು ಎಂ6ಎ, ಒಂದು ಪುಟ್ಟ ಮೀಥೈಲ್ ಗುಂಪು. 1974ರಲ್ಲೇ ಪತ್ತೆಯಾಗಿತ್ತು. ಆದರೆ ಇದನ್ನು ಅಳಿಸಲೂ ಬರುತ್ತದೆ ಅಂತ ಗೊತ್ತಾದದ್ದು 2011ರಲ್ಲಿ, ಷಿಕಾಗೋದ ಚುವಾನ್ ಹೆ ಅವರ ತಂಡ ಎಫ್‌ಟಿಒ ಎಂಬ ಅಳಿಸುವ ಪ್ರೋಟೀನನ್ನು ತೋರಿಸಿದಾಗ. ಆಮೇಲೆ ಎಎಲ್‌ಕೆಬಿಎಚ್5 ಎಂಬ ಇನ್ನೊಂದು ರಬ್ಬರು ಸಿಕ್ಕಿತು.

ಬಸುರಿಗೂ ಇದಕ್ಕೂ ಏನು ಸಂಬಂಧ? ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡಿದ್ದನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಕಿತ್ತು ತಂದ ಸಸಿ ಕೆಲವೇ ದಿನದಲ್ಲಿ ಕೆಸರಿಗೆ ಬೇರು ಬಿಡಬೇಕು, ಇಲ್ಲದಿದ್ದರೆ ತೇಲಿ ಹೋಗುತ್ತದೆ. ಗರ್ಭಕೋಶದಲ್ಲೂ ಭ್ರೂಣದ ಹೊರಪದರದ ಟ್ರೋಫೋಬ್ಲಾಸ್ಟ್ ಜೀವಕೋಶಗಳು ತಾಯಿಯ ಒಳಪದರಕ್ಕೆ ಬೇರಿಳಿಸುತ್ತವೆ. 2019ರಲ್ಲಿ ಚೀನಾದ ಸಂಶೋಧಕರು, ಮರುಕಳಿಸುವ ಗರ್ಭಪಾತ ಆದವರ ಮಾಸದ ಅಂಗಾಂಶದಲ್ಲಿ ಎಎಲ್‌ಕೆಬಿಎಚ್5 ಹೆಚ್ಚಾಗಿದೆ, ಎಂ6ಎ ಗುರುತು ಕಡಿಮೆಯಾಗಿದೆ ಅಂತ ಕಂಡರು. ರಬ್ಬರು ಅತಿಯಾಗಿ ಉಜ್ಜಿದ್ದರಿಂದ ಸಿವೈಆರ್61 ಎಂಬ ಆರ್‌ಎನ್‌ಎ ಬೇಗ ಹಾಳಾಗುತ್ತಿತ್ತು, ಬೇರಿಳಿಸುವ ಶಕ್ತಿ ಕುಂದುತ್ತಿತ್ತು. ಪ್ರಯೋಗಶಾಲೆಯಲ್ಲಿ ಆ ರಬ್ಬರನ್ನು ತಗ್ಗಿಸಿದಾಗ ಕೋಶಗಳು ಮತ್ತೆ ಮುಂದಕ್ಕೆ ಹೋದವು.

ಸೊಗಸಾದ ಕೆಲಸ, ನನಗೆ ಅನುಮಾನವಿಲ್ಲ. ಅರ್ಧದಷ್ಟು ಜೋಡಿಗಳಿಗೆ ಇವತ್ತಿಗೂ ಯಾವ ಕಾರಣವೂ ಸಿಗುವುದಿಲ್ಲ, ಅವರಿಗೆ ಇಲ್ಲೊಂದು ಬಾಗಿಲು ಇರಬಹುದು. ಆದರೆ ಆ ಅಂಗಾಂಶ ತೆಗೆದದ್ದು ಗರ್ಭ ಹೋದ ಮೇಲೆ. ಗೀಟು ಅಳಿಸಿದ್ದರಿಂದ ಗರ್ಭ ಹೋಯಿತೋ, ಗರ್ಭ ಹೋಗುತ್ತಿದ್ದಾಗ ಗೀಟು ಅಳಿಸಿತೋ? ಸುಟ್ಟ ಮನೆಯಲ್ಲಿ ಕಂಡ ಬೂದಿಯೆಲ್ಲ ಬೆಂಕಿಕಡ್ಡಿಯದಲ್ಲ. ಇದರ ಆಧಾರದ ಮೇಲೆ ಬಂದ ಚಿಕಿತ್ಸೆ ಇಂದಿಗೆ ಯಾವುದೂ ಇಲ್ಲ. ನಾಳೆ ಯಾರಾದರೂ 'ಆರ್‌ಎನ್‌ಎ ಸರಿ ಮಾಡುವ' ಪುಡಿಯನ್ನೋ ಪರೀಕ್ಷೆಯನ್ನೋ ಹಿಡಿದು ಬಂದರೆ ಡಿಇಎಸ್ ನೆನಪಿಸಿಕೊಳ್ಳಿ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. 1997ರಲ್ಲಿ ಲಂಡನ್ನಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳಿದ್ದ 90 ಹೆಂಗಸರ ಮೇಲೆ ಪರೀಕ್ಷೆ ಆಯಿತು. ಬರೀ ಆಸ್ಪಿರಿನ್ ಪಡೆದವರಲ್ಲಿ 42 ಶೇಕಡಾ ಹೆತ್ತರು, ಜೊತೆಗೆ ಹೆಪಾರಿನ್ ಚುಚ್ಚುಮದ್ದು ಪಡೆದವರಲ್ಲಿ 71. ಇದು ಎರಡಲ್ಲ, ಸುಮಾರು ಮೂವತ್ತರ ಅಂತರ. ಆದರೆ ಆ ಪ್ರತಿಕಾಯ ಇದ್ದವರಿಗೆ ಮಾತ್ರ, ಅದನ್ನು ರಕ್ತಪರೀಕ್ಷೆಯೇ ಹೇಳಬೇಕು. ಎರಡು ಸಲ ಗರ್ಭ ಹೋದರೆ ಪರೀಕ್ಷೆ ಶುರು ಮಾಡಬಹುದು ಅಂತ ಯುರೋಪಿನ ತಜ್ಞರ 2017ರ ಮಾರ್ಗಸೂಚಿ ಹೇಳುತ್ತದೆ. ಥೈರಾಯ್ಡ್, ಗರ್ಭಕೋಶದ ಆಕಾರ, ಬೇಕಾದರೆ ವರ್ಣತಂತು. ವರ್ಣತಂತು ಅಂದಾಗ ಗಂಡನದೂ ಸೇರಿ. ಗಂಡನ ರಕ್ತ ಅಂದ ಕೂಡಲೇ ಎಷ್ಟು ಮನೆಯಲ್ಲಿ ಮಾತು ನಿಲ್ಲುತ್ತದೆ ಅಂತ ಇದನ್ನು ಕೇಳುತ್ತಿರುವ ನರ್ಸಮ್ಮನವರಿಗೆ, ಆಶಾ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ.

1997ರಲ್ಲೇ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆಯಿತು. 2015ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜೂ ಶುರುವಾಯಿತು. ಅಜ್ಜಿ ಇದ್ಯಾವುದನ್ನೂ ನೋಡಲಿಲ್ಲ. ಹುಣ್ಣಿವೆಗೆ ಹುಲಗಿಗೆ ಹೋಗುವುದನ್ನು ಮಾತ್ರ ಕೊನೆತನಕ ಬಿಡಲಿಲ್ಲ.

ಒಮ್ಮೆ ಜನಗಣತಿಗೆ ಬಂದ ಮಾಸ್ತರರು ಕೇಳಿದ್ದರಂತೆ, 'ಯಮ್ಮಾ, ಮಕ್ಕಳೆಷ್ಟು?' ಅಜ್ಜಿ 'ಏಳು' ಅಂದಳು. ಒಳಗಿಂದ ದೊಡ್ಡಪ್ಪ ಬಂದು 'ಇಲ್ರೀ ಸರ್, ನಾವು ನಾಲ್ಕ ಮಂದಿ' ಅಂದ. ಮಾಸ್ತರರು ನಾಲ್ಕು ಅಂತ ಬರೆದುಕೊಂಡು ಮುಂದಿನ ಮನೆಗೆ ಹೋದರು.