ಒಂದೇ ವಿಷಯ ಸಾಲದೆಂದವರು

ಮನೆಗೆ ಬಂದ ಅಂಕಲ್ ‘ಮೇಜರ್ ಏನಮ್ಮಾ?’ ಅಂದಾಗ, ‘ಇತಿಹಾಸ, ತತ್ತ್ವಶಾಸ್ತ್ರ, ಸಾಹಿತ್ಯ ಮೂರೂ ಸೇರಿದ್ದು’ ಅಂತ ಹೇಳೋಕೆ ನಿಮ್ಮಲ್ಲಿ ಕೆಲವರು ಹಿಂಜರಿದಿರಬಹುದು. ಇದು ಹೊಸ ಹುಚ್ಚೇನಲ್ಲ.

1920ರ ಹೊತ್ತಿಗೇ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರಗಳನ್ನು ಒಂದೇ ಪದವಿಗೆ ತಂದಿತು. 1941ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ‘ಕಮಿಟಿ ಆನ್ ಸೋಶಿಯಲ್ ಥಾಟ್’ ಹುಟ್ಟಿತು. ಕಟ್ಟಿದವರಲ್ಲಿ ಇತಿಹಾಸಕಾರ ಜಾನ್ ನೆಫ್, ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್, ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡ್ ಇದ್ದರು. ಯಾವುದೇ ವಿಷಯಕ್ಕೆ ಇಳಿಯುವ ಮೊದಲು ಎಲ್ಲ ವಿಷಯಗಳಿಗೂ ಬುಡವಾದ ಪ್ರಶ್ನೆಗಳನ್ನು ಅರಿಯಬೇಕು ಅನ್ನೋದು ಅವರ ನಿಲುವು. ಅದಕ್ಕೇ ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕೆಲವೇ ಮೇರುಕೃತಿಗಳನ್ನು ಆರಿಸಿಕೊಂಡು ಆಳವಾಗಿ ಓದುತ್ತಾರೆ.

ಮುಂದೆ ಆ ಕಮಿಟಿಯಲ್ಲಿ ನಮ್ಮವರೊಬ್ಬರು ಪಾಠ ಹೇಳಿದರು. ಅವರೇ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್. ಓದಿದ್ದು ಇಂಗ್ಲಿಷ್ ಸಾಹಿತ್ಯ, ಇಂಡಿಯಾನಾದಲ್ಲಿ ಡಾಕ್ಟರೇಟ್ ಮಾಡಿದ್ದು ಭಾಷಾಶಾಸ್ತ್ರದಲ್ಲಿ. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಕವಿ. 1973ರಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳನ್ನು ‘ಸ್ಪೀಕಿಂಗ್ ಆಫ್ ಶಿವ’ ಎಂದು ಇಂಗ್ಲಿಷಿಗೆ ತಂದರು. ಅದಕ್ಕೆ ವ್ಯಾಕರಣ ಬಲ್ಲವರಷ್ಟೇ ಸಾಲದು, ಕವಿಯಷ್ಟೇ ಸಾಲದು, ಧರ್ಮದ ಇತಿಹಾಸವೂ ಗೊತ್ತಿರಬೇಕು. ಅಜ್ಜಿಯರು ಹೇಳುವ ಕಥೆಗಳನ್ನೂ ಅವರು ಸಂಗ್ರಹಿಸಿ ಅಧ್ಯಯನ ಮಾಡಿದರು. 1983ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು.

‘ಕೆಲಸ ಸಿಗುತ್ತಾ?’ ಅನ್ನೋ ಅಪ್ಪ ಅಮ್ಮನ ಆತಂಕ ತಪ್ಪಲ್ಲ. ರಾಮಾನುಜನ್ ಕೂಡ ಹಲವು ಕಡೆ ಕೈಯಾಡಿಸುವ ಮುನ್ನ ಒಂದು ವಿದ್ಯೆಯನ್ನು ಗಟ್ಟಿಯಾಗಿ ಕಲಿತಿದ್ದರು. ನೀವೂ ಹಾಗೇ ಒಂದನ್ನು ಗಟ್ಟಿ ಮಾಡಿಕೊಳ್ಳಿ. ಮನೆಯ ಕನ್ನಡವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.