ಮನೆ ಮಾಡಲು ಯಾವ ಊರು? ಸಾಸ್ವೆಹಳ್ಳಿ ಸೀಮೆಯ ಹಳೆಯ ಲೆಕ್ಕ

ಕೆಲಸ ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಇರಲಿ, ಮನೆ ಮಾತ್ರ ಪೇಟೆಯ ಬಾಡಿಗೆಯ ಬಿಸಿ ತಾಗದ ಕಡೆ ಇರಲಿ ಎನ್ನುವವರು ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಯಲ್ಲಿ ಹೆಚ್ಚುತ್ತಿದ್ದಾರೆ. ಊರು ಹುಡುಕುವಾಗ ಅವರು ಕೇಳುವುದು ಮೂರೇ ಪ್ರಶ್ನೆ: ಎಷ್ಟು ಕಿಲೋಮೀಟರ್, ಬಸ್ಸು ಎಷ್ಟು ಹೊತ್ತಿಗೆ, ಸೈಟಿನ ರೇಟೆಷ್ಟು. ಕೇಳಬೇಕಾದ ಪ್ರಶ್ನೆಗಳೇ ಇವು, ಆದರೆ ಸಾಲವು. ನೆಲೆ ಹುಡುಕಿಕೊಂಡು ಬಂದವರನ್ನು ಈ ಸೀಮೆ ನೂರಾರು ವರ್ಷಗಳಿಂದ ಕಂಡಿದೆ. ಅವರು ಎಲ್ಲಿ ನಿಂತರು, ಎಲ್ಲಿಂದ ಎದ್ದು ಹೋದರು ಎನ್ನುವುದನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಬ್ಬನೇ ದೊರೆ, ಒಂದೇ ಕಾರ್ಖಾನೆ ಅಥವಾ ಒಂದೇ ಪೇಟೆಯನ್ನು ನೆಚ್ಚಿಕೊಂಡ ಊರು ಅದರ ಜೊತೆಗೇ ಇಳಿದುಹೋಗಿದೆ. ತನ್ನದೇ ನೀರಿದ್ದು, ಎರಡು ಮೂರು ದಿಕ್ಕಿನ ಪೇಟೆಗಳ ಜೊತೆ ವ್ಯವಹಾರ ಇಟ್ಟುಕೊಂಡ ಊರು ಸಣ್ಣದಾದರೂ ಉಳಿದಿದೆ. ಆದ್ದರಿಂದ ನಗರದ ಅಂಚಿನ ಹೊಸ ಬಡಾವಣೆಗಿಂತ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂಥ ಹೋಬಳಿ ಊರು ಒಳ್ಳೆಯ ಆಯ್ಕೆ ಎಂಬುದು ನನ್ನ ವಾದ.

ನೀರಿನಿಂದಲೇ ಶುರು ಮಾಡಬೇಕು. ನೀರಿಲ್ಲದ ಊರಿಗೆ ಹೆಣ್ಣು ಕೊಡಬಾರದು ಎಂಬ ಮಾತು ಬಯಲುಸೀಮೆಯಲ್ಲಿ ಇವತ್ತಿಗೂ ಇದೆ. ಊರನ್ನು ಅಳೆದು ನೋಡುವ ಕೆಲಸ ನಮ್ಮಲ್ಲಿ ಅತ್ಯಂತ ಶ್ರದ್ಧೆಯಿಂದ ನಡೆದಿರುವುದು ಸಂಬಂಧ ಕುದುರಿಸುವ ಹೊತ್ತಿನಲ್ಲಿಯೇ. ಮಗಳು ಎಷ್ಟು ದೂರದಿಂದ ಕೊಡ ಹೊರಬೇಕು, ಬೇಸಿಗೆಯಲ್ಲಿ ಬಾವಿ ಬತ್ತುತ್ತದೆಯೇ, ಕೆರೆಗೆ ಕೋಡಿ ಬಿದ್ದು ಎಷ್ಟು ವರ್ಷವಾಯಿತು ಎಂದು ವಿಚಾರಿಸಿಯೇ ಹಿರಿಯರು ಒಪ್ಪುತ್ತಿದ್ದರು. ಆ ವಿಚಾರಣೆಯಲ್ಲಿ ಮಗಳ ಮಾತಿಗೆ ಜಾಗವಿರಲಿಲ್ಲ ಎನ್ನುವುದೂ ನಿಜ. ತಾನು ಆರಿಸದ ಊರಿಗೆ ಹೋಗಿ ಬಾಳಿದವರಲ್ಲಿ ಹೆಂಗಸರದ್ದೇ ದೊಡ್ಡ ಪಾಲು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಈ ಲೆಕ್ಕಕ್ಕೆ ದೊಡ್ಡ ಸಾಕ್ಷಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಹಾಕಿದ ಅದರ ಏರಿ ಉದ್ದದಲ್ಲಿ ದೊಡ್ಡದೇನಲ್ಲ, ಅಗಲ ಮತ್ತು ಗಟ್ಟಿತನದಲ್ಲಿ ಮಾತ್ರ ಅಸಾಧಾರಣ. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಕೂಡ ಅದನ್ನು ಮೆಚ್ಚಿದ್ದ. ಅದರ ಸಿದ್ದ ನಾಲೆ, ಬಸವ ನಾಲೆಗಳ ಕೆಳಗಿನ ಹಳ್ಳಿಗಳು ಯಾವ ದೊರೆ ಬಂದರೂ ಯಾವ ದೊರೆ ಹೋದರೂ ಖಾಲಿಯಾಗಲಿಲ್ಲ. ಇತ್ತ ಜಗಳೂರು ಮಳೆಯನ್ನೇ ನಂಬಿದ ತಾಲ್ಲೂಕು. ಬರ ಬಂದ ವರ್ಷ ಅಲ್ಲಿಂದ ಜನ ಗುಳೆ ಹೊರಟು ಮಲೆನಾಡಿನ ಕಾಫಿ ತೋಟಗಳಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುತ್ತಿದ್ದರು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ಅಲ್ಲಿನ ಜನ ಅಷ್ಟು ವರ್ಷ ಹಂಬಲಿಸಿದ್ದು ಬೆಳೆಗಾಗಿ ಮಾತ್ರವಲ್ಲ, ಊರು ಬಿಡದೆ ಇರುವುದಕ್ಕಾಗಿ.

ನೀರಿದ್ದರೆ ಸಾಕೇ? ಸಾಕು ಎನ್ನುವುದಾದರೆ ಬಸವಾಪಟ್ಟಣ ಇವತ್ತು ದೊಡ್ಡ ನಗರವಾಗಿರಬೇಕಿತ್ತು. ಸಾಸ್ವೆಹಳ್ಳಿಯ ಪಕ್ಕದ ಸೀಮೆಯ ಈ ಊರು ಒಂದು ಕಾಲಕ್ಕೆ ಪಾಳೆಗಾರರ ರಾಜಧಾನಿ. ಸಂತೇಬೆನ್ನೂರಿನಲ್ಲಿ ಪುಷ್ಕರಿಣಿ ಕಟ್ಟಿಸಿದ ಕೆಂಗ ಹನುಮಪ್ಪ ನಾಯಕ ಇದೇ ಮನೆತನದವನು. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಸೈನ್ಯ ಬಂದ ಮೇಲೆ ಮನೆತನ ತರೀಕೆರೆಯ ಕಡೆ ಸರಿಯಿತು. ಕೋಟೆ ಉಳಿಯಿತು, ಪಟ್ಟಣದ ಭಾಗ್ಯ ಉಳಿಯಲಿಲ್ಲ. ಅರಮನೆಗೆ ಅಕ್ಕಿ, ಎಣ್ಣೆ, ಬಟ್ಟೆ ಒದಗಿಸುತ್ತಿದ್ದವರಿಗೆ ಅರಮನೆಯೇ ಇಲ್ಲದಾಗ ಬೇರೆ ಗಿರಾಕಿ ಸಿಗಬೇಕಲ್ಲ. ಹೊಸ ಪೇಟೆ ಕಟ್ಟುವವರು ಆ ಕಾಲದಲ್ಲಿ ಕೌಲು ಕೊಟ್ಟು ಜನರನ್ನು ಕರೆಯುತ್ತಿದ್ದರು: ಇಂತಿಷ್ಟು ವರ್ಷ ತೆರಿಗೆ ಕಡಿಮೆ, ಮನೆ ಕಟ್ಟಲು ಜಾಗ, ಅಂಗಡಿಗೆ ರಕ್ಷಣೆ. ದಾವಣಗೆರೆ ಬೆಳೆದದ್ದು ಹೆಚ್ಚುಕಡಿಮೆ ಹೀಗೆಯೇ. ರೈಸ್ ಬರೆದ ಮೈಸೂರು ಗೆಜೆಟಿಯರ್ ಹೇಳುವಂತೆ ಅದು ಮೊದಲು ಬೇತೂರಿಗೆ ಸೇರಿದ, ಯಾರ ಗಮನಕ್ಕೂ ಬಾರದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ. ಆ ಸರದಾರ ಸತ್ತ ಮೇಲೂ ದಾವಣಗೆರೆ ಬಸವಾಪಟ್ಟಣದ ಹಾದಿ ಹಿಡಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಲ್ಲಿನ ವರ್ತಕರು ಮಲೆನಾಡಿನ ಜೊತೆಗೂ ಬಯಲಿನ ಜೊತೆಗೂ ವ್ಯವಹಾರ ಬೆಳೆಸಿಕೊಂಡಿದ್ದರು. ಇವತ್ತು ಬೇತೂರು ಎಲ್ಲಿದೆ ಎಂದು ಕೇಳಿದರೆ ದಾವಣಗೆರೆಯ ಹತ್ತಿರ ಎನ್ನುತ್ತೇವೆ.

ಆಳುವವರ ಕಾಟಕ್ಕೆ ಊರು ಬಿಟ್ಟು ಹೋಗುವುದು, ಇಲ್ಲವೇ ಬಿಡದೆ ನಿಂತು ತಿರುಗಿಬೀಳುವುದು, ಈ ಎರಡನ್ನೂ ಈ ನೆಲ ಕಂಡಿದೆ. 1830ರಲ್ಲಿ ಕಂದಾಯದ ಭಾರ ತಾಳಲಾರದೆ ನಗರ ಸೀಮೆಯ ರೈತರು ಕೂಟ ಸೇರಿ ದಂಗೆ ಎದ್ದಾಗ ಹೊನ್ನಾಳಿಯೂ ಕದನದ ನೆಲವಾಯಿತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಲು ಅದು ಕಾರಣವಾಯಿತು. ಇನ್ನು ಬಿಟ್ಟು ಹೋದದ್ದರ ಗುರುತು: ಜನ ಇಲ್ಲದಾದ ಊರುಗಳನ್ನು ಕಂದಾಯ ದಫ್ತರಗಳು ‘ಬೇಚರಾಕ್ ಗ್ರಾಮ’ ಎಂದು ಕರೆಯುತ್ತವೆ. ಅಂಥ ಊರಿನಲ್ಲಿ ಒಂದು ಹಾಳು ಗುಡಿ, ಒಂದು ಬಾವಿ, ಪಹಣಿಯಲ್ಲಿ ಒಂದು ಹೆಸರು ಉಳಿದಿರುತ್ತದೆ.

ನ್ಯಾಮತಿಯ ಕಥೆ ಬೇರೆ. ಅದು ಯಾರ ರಾಜಧಾನಿಯೂ ಅಲ್ಲ. ಮಲೆನಾಡಿನ ಅಡಿಕೆ ಕೆಳಗಿಳಿಯುವ, ಬಯಲಿನ ಧಾನ್ಯ ಮೇಲೇರುವ ದಾರಿಯಲ್ಲಿ ಬೆಳೆದ ಪೇಟೆ. ಎರಡು ಸೀಮೆಗೂ ಬೇಕಾದ ಊರಾದ್ದರಿಂದ ಯಾವ ಒಂದು ಸೀಮೆಯ ಕೆಟ್ಟ ವರ್ಷವೂ ಅದನ್ನು ಮುಳುಗಿಸಲಿಲ್ಲ. ತಾಲ್ಲೂಕಿನ ಪಟ್ಟ ಅದಕ್ಕೆ ಸಿಕ್ಕಿದ್ದು ತೀರ ಈಚೆಗೆ, 2018ರ ಹೊತ್ತಿಗೆ. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ಬಂಜಾರರಿಗೆಲ್ಲ ಯಾತ್ರಾಸ್ಥಳ. ಹೇರೆತ್ತುಗಳ ಮೇಲೆ ಉಪ್ಪು, ದವಸ ಹೊತ್ತು ಊರೂರು ದಾಟುವುದೇ ಕಸುಬಾಗಿದ್ದ ಲಂಬಾಣಿಗರಿಗೆ ಗಾಡಿರಸ್ತೆ, ರೈಲು ಬಂದ ಮೇಲೆ ಒಂದು ಕಡೆ ನಿಲ್ಲಲೇಬೇಕಾಯಿತು. ನಿಂತದ್ದು ಕಾಡಿನ ಅಂಚಿನಲ್ಲಿ, ಯಾರಿಗೂ ಬೇಡವಾದ ಜಾಗದಲ್ಲಿ. ಎಷ್ಟೋ ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಬೇಕಾಯಿತು. ದಾರಿಗಳ ವಿಚಾರ ಎಲ್ಲರಿಗಿಂತ ಚೆನ್ನಾಗಿ ಬಲ್ಲವರಿಗೇ ದಾರಿ ಇಲ್ಲದ ಜಾಗ ದಕ್ಕಿತು ಎನ್ನುವುದನ್ನು ಮರೆಯಬಾರದು.

ರೈಲು 1889ರಲ್ಲಿ ಹರಿಹರ ಮುಟ್ಟಿತು, 1899ರಲ್ಲಿ ಬೀರೂರಿನಿಂದ ಶಿವಮೊಗ್ಗ ಮುಟ್ಟಿತು. ಎರಡರ ನಡುವಿನ ಹೊನ್ನಾಳಿಗೆ ಇವತ್ತಿಗೂ ರೈಲಿಲ್ಲ. ರೈಲಿನ ಬೆನ್ನಿಗೆ ಕಾರ್ಖಾನೆಗಳು ಬಂದವು: ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ, ಆಮೇಲೆ ಕಾಗದ, ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು, ಹರಿಹರದಲ್ಲಿ 1941ರಲ್ಲಿ ಕಿರ್ಲೋಸ್ಕರ್. ಹಳ್ಳಿಗಳಿಂದ ಹೊರಟವರ ಮುಂದೆ ಆಗ ಎರಡು ದಾರಿ. ಕಂಪನಿಯ ಕ್ವಾರ್ಟರ್ಸ್ ಸೇರುವುದು ಒಂದು. ಜಮೀನು ಬಿಡದೆ ಊರಿನಲ್ಲೇ ಇದ್ದು ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಪಾಳಿಗೆ ಹೋಗಿಬರುವುದು ಇನ್ನೊಂದು. ಕ್ವಾರ್ಟರ್ಸಿನಲ್ಲಿ ನಲ್ಲಿ ನೀರು, ಕರೆಂಟು, ಶಾಲೆ, ಆಸ್ಪತ್ರೆ ಎಲ್ಲವೂ ಇತ್ತು. ಹಾಗಾಗಿ ಅಲ್ಲಿಗೆ ಹೋದವರನ್ನು ಯಾರೂ ತಪ್ಪೆನ್ನಲಾರರು. ಆದರೆ ಹೊಸ ಶತಮಾನದ ಹೊಸ್ತಿಲಲ್ಲಿ ಕಿರ್ಲೋಸ್ಕರ್ ನಿಂತಾಗ, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಮುಂದೆ ಭದ್ರಾವತಿಯ ಕಾಗದದ ಕಾರ್ಖಾನೆಯೂ ನಿಂತಾಗ, ಕೆಲಸದ ಜೊತೆಗೇ ಸೂರನ್ನೂ ಬಿಡಬೇಕಾಗಿ ಬಂದದ್ದು ಕ್ವಾರ್ಟರ್ಸಿನವರಿಗೆ. ಊರಿನಿಂದ ಓಡಾಡುತ್ತಿದ್ದವರಿಗೂ ಸಂಬಳ ಹೋಯಿತು, ಮನೆ ಹೋಗಲಿಲ್ಲ. ಭದ್ರಾ ನಾಲೆಯ ನೀರು ಬಂದಿದ್ದ ಕಡೆ ಒಂದು ಭತ್ತದ ಬೆಳೆಯಾದರೂ ಕೈಹಿಡಿಯಿತು.

ಈಗ ಸಾಸ್ವೆಹಳ್ಳಿ. ಹೊನ್ನಾಳಿ ಪೇಟೆ ತುಂಗಭದ್ರೆಯ ಎಡದಂಡೆಯಲ್ಲಿದ್ದರೆ ಈ ಹೋಬಳಿ ಬಲದಂಡೆಯ ಕಡೆ. ತಾಲ್ಲೂಕು ಕಚೇರಿಗೆ ಹೋಗಬೇಕೆಂದರೆ ಹೊಳೆ ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ದಾಟುವುದೆಂದರೆ ಹರಿಗೋಲು, ಮಳೆಗಾಲದ ಪ್ರವಾಹದಲ್ಲಿ ಅದೂ ಇಲ್ಲ. ಹೀಗೆ ತನ್ನ ತಾಲ್ಲೂಕಿನಿಂದ ಹೊಳೆಯಾಚೆ ಉಳಿದ ಊರು ಒಂದೇ ಪೇಟೆಯನ್ನು ನೆಚ್ಚಿ ಕೂರುವಂತಿರಲಿಲ್ಲ. ಚನ್ನಗಿರಿಯ ಅಡಿಕೆ ಪೇಟೆ, ಹೊಳೆಹೊನ್ನೂರಿನ ಮೇಲೆ ಶಿವಮೊಗ್ಗ, ಮಲೇಬೆನ್ನೂರಿನ ಮೇಲೆ ದಾವಣಗೆರೆ, ಹೀಗೆ ಹಲವು ಕಡೆ ನಂಟು ಬೆಳೆಯಿತು. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿದಾಗ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗದಿಂದ ಈಚೆ ಬಂದವು. ಕಚೇರಿಯ ಕೆಲಸ ದಾವಣಗೆರೆಗೆ ಹೋಯಿತು, ಆಸ್ಪತ್ರೆ, ಕಾಲೇಜು, ನೆಂಟಸ್ತಿಕೆ ಅನೇಕರಿಗೆ ಶಿವಮೊಗ್ಗದಲ್ಲೇ ಉಳಿಯಿತು. ಆಡಳಿತಕ್ಕೆ ಇದು ಗೋಜಲಾಗಿ ಕಂಡರೂ ಮನೆ ಮಾಡುವವನಿಗೆ ಅನುಕೂಲ: ಒಂದು ನಗರದಲ್ಲಿ ಕೆಲಸ ತಪ್ಪಿದರೆ ಮನೆ ಬದಲಿಸದೆ ಇನ್ನೊಂದಕ್ಕೆ ಹೋಗಬಹುದು. ಇಂಥ ಊರನ್ನು ಪರೀಕ್ಷಿಸಲು ಒಂದು ಒಳ್ಳೆಯ ಉಪಾಯವಿದೆ. ರಾತ್ರಿ ಬಂದು ಊರಲ್ಲೇ ತಂಗಿ ಬೆಳಿಗ್ಗೆ ಮೊದಲು ಹೊರಡುವ ವಸ್ತಿ ಬಸ್ಸು ಯಾವ ಪೇಟೆಗೆ ಹೋಗುತ್ತದೆ ಎಂದು ನೋಡಬೇಕು. ಹಾಲಿನ ಕ್ಯಾನು, ಸೊಪ್ಪಿನ ಗಂಟು, ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೊರಟ ಮುದುಕರು ಎಲ್ಲರೂ ಆ ಬಸ್ಸಿಗೇ ಏರುತ್ತಾರೆ. ಊರಿನ ನಿಜವಾದ ನಂಟು ಎತ್ತ ಕಡೆಗೆ ಎನ್ನುವುದು ನಕ್ಷೆಗಿಂತ ಅದರಿಂದ ಚೆನ್ನಾಗಿ ತಿಳಿಯುತ್ತದೆ.

ಈಗ ಮನೆಮನೆಗೆ ಬೈಕಿದೆ, ವಸ್ತಿ ಬಸ್ಸಿನ ಮಾತು ಹಳೆಯದಾಯಿತು ಎಂದು ಹೇಳುವವರಿದ್ದಾರೆ. ಬೈಕು ಒಬ್ಬರದ್ದು, ಮನೆ ಐದು ಜನರದ್ದು. ದುಡಿಯುವವನು ಬೈಕು ತೆಗೆದುಕೊಂಡು ಹೋದ ಮೇಲೆ ಉಳಿದ ನಾಲ್ವರಿಗೆ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಆದರೆ ಈ ಸೀಮೆಯ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಒಂದೇ ದೂರದ ಎರಡು ಹಳ್ಳಿಗಳಲ್ಲಿ ಒಂದಕ್ಕೆ ಸರ್ಕಾರಿ ಬಸ್ಸಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ದಿನಾ ಪೇಟೆಗೆ ಹೋಗಿ ದುಡಿಯುವ ಹೆಣ್ಣುಮಗಳ ತಿಂಗಳ ಲೆಕ್ಕವೇ ಬೇರೆಯಾಗುತ್ತದೆ. ಇನ್ನು ನಗರದ ಅಂಚಿನ ಬಡಾವಣೆಗೆ ಶಾಲೆ, ಆಸ್ಪತ್ರೆ ಹತ್ತಿರ ಎನ್ನುವ ಆಕ್ಷೇಪಕ್ಕೆ ತೂಕವಿದೆ. ಹೃದಯದ ಕಾಯಿಲೆ ಇರುವವರಿಗೆ, ಡಯಾಲಿಸಿಸ್ ಬೇಕಾದವರಿಗೆ ಹೋಬಳಿ ಊರಿಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಉಳಿದವರು ಒಂದು ಸಂಗತಿ ಗಮನಿಸಬೇಕು. ಬಡಾವಣೆಗೆ ತನ್ನದೇ ಕೆರೆ ಇಲ್ಲ, ಸೊಸೈಟಿ ಇಲ್ಲ, ನಾಡಕಚೇರಿ ಇಲ್ಲ, ರೈತ ಸಂಪರ್ಕ ಕೇಂದ್ರ ಇಲ್ಲ. ನಗರ ಕೊಟ್ಟರೆ ನೀರು, ಕೊಡದಿದ್ದರೆ ಟ್ಯಾಂಕರ್. ಕ್ವಾರ್ಟರ್ಸಿನಲ್ಲಿದ್ದ ದೌರ್ಬಲ್ಯವೇ ಬಡಾವಣೆಯಲ್ಲಿಯೂ ಇದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಊರು ಆರಿಸುವ ಸ್ವಾತಂತ್ರ್ಯ ಯಾರಿಗಿತ್ತು? ಕೌಲು ಸಿಕ್ಕಿದ್ದು ವರ್ತಕನಿಗೆ, ಹೊಲೆಯ ಮಾದಿಗರಿಗಲ್ಲ. ಅವರ ಕೇರಿ ಎಲ್ಲಿರಬೇಕೆಂದು ಊರೇ ಗೊತ್ತುಮಾಡುತ್ತಿತ್ತು. ಹಳ್ಳಿಯನ್ನು ಆದರ್ಶವೆಂದು ಹಾಡಿಹೊಗಳುವವರಿಗೆ ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಕಟುವಾಗಿ ಉತ್ತರ ಕೊಟ್ಟಿದ್ದಾರೆ. ನಾನು ಮೇಲೆ ಟೀಕಿಸಿದ ಕಾರ್ಖಾನೆಯ ಊರು ಎಷ್ಟೋ ಜನಕ್ಕೆ ಹುಟ್ಟಿದ ಕೇರಿಯಿಂದ ಹೊರಬರುವ ಮೊದಲ ಬಾಗಿಲಾಗಿತ್ತು. ಕ್ವಾರ್ಟರ್ಸ್ ಸಿಗುತ್ತಿದ್ದದ್ದು ಹುದ್ದೆಯ ದರ್ಜೆ ನೋಡಿ, ಜಾತಿ ನೋಡಿ ಅಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಬಾಡಿಗೆ ಮನೆ ಕೇಳಿದಾಗ ಇವತ್ತಿಗೂ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಬರುವ ಊರು, ಎಷ್ಟೇ ನೀರಿದ್ದರೂ ಎಷ್ಟೇ ಬಸ್ಸಿದ್ದರೂ, ಎಲ್ಲರಿಗೂ ಒಳ್ಳೆಯ ಊರಲ್ಲ. ಹೋಬಳಿ ಊರುಗಳು ಹೊಸಬರನ್ನು ಬರಮಾಡಿಕೊಳ್ಳಬೇಕೆಂದರೆ ಮೊದಲು ಬಿಡಬೇಕಾದದ್ದು ಈ ಪ್ರಶ್ನೆಯನ್ನು.

ಹೊಸಬರು ಬರುವುದಂತೂ ಅಗತ್ಯ. ಈಗ ನಮ್ಮಲ್ಲಿ ನಡೆಯುತ್ತಿರುವ ಓಡಾಟದ ದೊಡ್ಡ ಪಾಲು ತಲೆಕೆಳಗಾಗಿದೆ: ಮೇಷ್ಟ್ರು, ನರ್ಸು, ಬ್ಯಾಂಕಿನವರು, ಗ್ರಾಮ ಲೆಕ್ಕಿಗರು ನಗರದಲ್ಲಿ ಮನೆ ಮಾಡಿ ಹಳ್ಳಿಗೆ ‘ಅಪ್ ಅಂಡ್ ಡೌನ್’ ಮಾಡುತ್ತಾರೆ. ಕೇಂದ್ರಸ್ಥಾನದಲ್ಲಿ ವಾಸ ಮಾಡಬೇಕೆಂಬ ನಿಯಮ ಕಾಗದದ ಮೇಲೆ ಉಳಿದಿದೆ. ಮಕ್ಕಳ ಶಾಲೆಗಾಗಿ ಅವರು ಹೀಗೆ ಮಾಡುತ್ತಾರೆ, ಅವರು ಇರದ ಕಾರಣಕ್ಕೇ ಹಳ್ಳಿಯ ಶಾಲೆ ಸೊರಗುತ್ತದೆ. ಆದೇಶದಿಂದ ಈ ಸುತ್ತು ಬಿಡದು. ಹೋಬಳಿಯಲ್ಲಿ ಬಾಡಿಗೆಗೆ ತಕ್ಕ ಮನೆ, ಸಂಜೆ ಏಳರ ಮೇಲೂ ಒಂದು ಬಸ್ಸು, ರಾತ್ರಿ ಬಾಗಿಲು ತೆರೆದಿರುವ ಆಸ್ಪತ್ರೆ ಇದ್ದರೆ ಬಹಳಷ್ಟು ಸಡಿಲವಾದೀತು. ಸಾಸ್ವೆಹಳ್ಳಿಯ ಹೆಸರಿನದೇ ಏತ ನೀರಾವರಿ ತುಂಗಭದ್ರೆಯನ್ನು ಚನ್ನಗಿರಿ ಕಡೆಯ ಕೆರೆಗಳಿಗೆ ಕೊಂಡೊಯ್ಯುತ್ತಿರುವಾಗ ಆ ಊರಿಗೇ ಇಷ್ಟು ಒದಗಿಸುವುದು ಅಸಾಧ್ಯವಲ್ಲ. ಅಲ್ಲಿಯವರೆಗೆ ಮನೆ ಹುಡುಕಿಕೊಂಡು ಬರುವವರು ಎರಡು ವಿಚಾರ ಖಚಿತ ಮಾಡಿಕೊಳ್ಳಲಿ. ಸೈಟಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇದೆಯೇ, ಇಲ್ಲವೇ ಅಡಿಕೆ ತೋಟದ ಅಂಚನ್ನು ಭೂಪರಿವರ್ತನೆ ಇಲ್ಲದೆ ತುಂಡು ಮಾಡಿ ಮಾರುತ್ತಿದ್ದಾರೆಯೇ ಎಂಬುದು ಒಂದು. ಹೊಳೆ ಉಕ್ಕಿದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಇನ್ನೊಂದು. ಹೊನ್ನಾಳಿಯ ಬಾಲರಾಜಘಾಟ್ ನಿವಾಸಿಗಳು ಪ್ರವಾಹ ಬಂದಾಗಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಹಳೆಯ ನೀರಿನ ಗುರುತು ಯಾವ ಗೋಡೆಯ ಮೇಲಿದೆ ಎಂದು ಸೈಟು ಮಾರುವವನನ್ನಲ್ಲ, ಪಕ್ಕದ ಮನೆಯ ಹಿರಿಯರನ್ನು ಕೇಳಬೇಕು.