ಪಹಣಿ ಕೇಳದ ಹಣ

ನಮ್ಮ ಕಾನಹೊಸಹಳ್ಳಿ ಕಡೆ ಕುರಿಯನ್ನು ಪಾಲಿಗೆ ಬಿಡುವುದು ಹಳೆಯ ವಾಡಿಕೆ. ಹಣವಿದ್ದವನು ಕುರಿ ಕೊಂಡು, ಮೇಯಿಸುವವನ ಹಟ್ಟಿಗೆ ಹೊಡೆಯುತ್ತಾನೆ. ಮರಿ ಹುಟ್ಟಿದರೆ ಇಬ್ಬರಿಗೂ ಪಾಲು. ರೋಗ ಬಂದು ಕುರಿ ಸತ್ತರೆ ಒಬ್ಬನ ಹಣ ಹೋಯಿತು, ಇನ್ನೊಬ್ಬನ ವರ್ಷದ ದುಡಿಮೆ ಹೋಯಿತು. ಅದಕ್ಕಾಗಿ ಯಾರೂ ಯಾರ ಹೊಲವನ್ನೂ ಬರೆಸಿಕೊಳ್ಳುವುದಿಲ್ಲ.

ಬ್ಯಾಂಕಿನ ಲೆಕ್ಕ ಬೇರೆ. ನಾನು ಹುಡುಗನಾಗಿದ್ದಾಗ ಅಪ್ಪ ನನ್ನನ್ನೂ ಕರೆದುಕೊಂಡು ಒಂದು ಬ್ಯಾಂಕಿಗೆ ಹೋಗಿದ್ದ. ಶೇಂಗಾ ಎಣ್ಣೆಯ ಗಾಣ ಹಾಕಬೇಕೆಂಬ ಆಸೆ ಅವನಿಗೆ. ಎಷ್ಟು ಕಾಯಿ ಸಿಗುತ್ತದೆ, ಹಿಂಡಿ ಯಾರಿಗೆ ಮಾರಬಹುದು, ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದ. ಮ್ಯಾನೇಜರು ಸಮಾಧಾನದಿಂದ ಕೇಳಿ, ಕೊನೆಗೆ "ಅದೆಲ್ಲಾ ಸರಿ ಗೌಡ್ರೆ, ಪಹಣಿ ತಂದೀರೇನು?" ಅಂದರು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಗಾಣ ಬರಲಿಲ್ಲ.

ಆ ಪ್ರಶ್ನೆ ಕೇಳದೆ ಹಣ ಹಾಕುವ ಕಸುಬು ನಮ್ಮ ರಾಜ್ಯದಲ್ಲಿ ಹೇಗೆ ಬೇರೂರಿತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಕಿರಣ್ ನಾಡಕರ್ಣಿ. 1955ರಲ್ಲಿ ಹುಟ್ಟಿದ ಐಸಿಐಸಿಐ ಆಗ ಈಗಿನಂತೆ ಎಟಿಎಂ ಇಡುವ ಬ್ಯಾಂಕ್ ಆಗಿರಲಿಲ್ಲ. ಕಾರ್ಖಾನೆಗಳಿಗೆ ದೀರ್ಘಾವಧಿ ಸಾಲ ಕೊಡುವ ಸಂಸ್ಥೆಯಾಗಿತ್ತು. 1985ರಲ್ಲಿ ಎನ್. ವಾಘುಲ್ ಅದರ ಅಧ್ಯಕ್ಷರಾದರು. 1988ರಲ್ಲಿ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಸೇರಿ ಬೆಂಗಳೂರಿನಲ್ಲಿ ಟಿಡಿಐಸಿಐ ಎಂಬ ಕಂಪನಿ ತೆರೆದವು. ಅದನ್ನು ಮೊದಲು ನಡೆಸಿದವರು ನಾಡಕರ್ಣಿ. ಮೊದಲ ನಿಧಿ 20 ಕೋಟಿ ರೂಪಾಯಿ, ಎರಡನೆಯದು 100 ಕೋಟಿ. ಹಣದ ರಾಜಧಾನಿ ಮುಂಬೈ ಆಗಿದ್ದರೂ ಕಚೇರಿ ಇಲ್ಲಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಯೋಜನೆ ಹಿಡಿದುಕೊಂಡು ತಿರುಗುವ ಇಂಜಿನಿಯರುಗಳಿದ್ದ ಊರು ಇದು.

ಅಂಥವರ ಪಾಡು ಹೇಗಿತ್ತು ಎನ್ನುವುದಕ್ಕೆ ಬಯೋಕಾನ್ ಸಾಕು. 1978ರಲ್ಲಿ ಕಿರಣ್ ಮಜುಂದಾರ್ 10,000 ರೂಪಾಯಿ ಬಂಡವಾಳದಲ್ಲಿ ಬಾಡಿಗೆಯ ಗ್ಯಾರೇಜೊಂದರಲ್ಲಿ ಕಂಪನಿ ಶುರು ಮಾಡಿದಾಗ ಬ್ಯಾಂಕುಗಳು ಹಿಂಜರಿದವು. ವಯಸ್ಸು 25, ಹೆಂಗಸು, ಕಿಣ್ವ ಎಂದರೇನೆಂದು ಯಾರಿಗೂ ಗೊತ್ತಿಲ್ಲ. ಅಪ್ಪನ ಜಾಮೀನು ಇದೆಯೇ ಎಂದು ಕೇಳಿದವರೂ ಇದ್ದರು. (ಪಹಣಿಗೂ ಅಪ್ಪನ ಜಾಮೀನಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.) 80ರ ದಶಕದ ಕೊನೆಯಲ್ಲಿ ವಾಘುಲ್ ಅವರ ಬೆಂಬಲದಿಂದ ಎರಡೂವರೆ ಲಕ್ಷ ಡಾಲರಿನಷ್ಟು ಸಾಹಸ ಬಂಡವಾಳ ಸಿಕ್ಕಿತು. ಅದರಿಂದ ಸ್ವಂತ ತಂತ್ರಜ್ಞಾನದ ಹೊಸ ಘಟಕ ಎದ್ದಿತು. 2004ರಲ್ಲಿ ಅದೇ ಕಂಪನಿ ಷೇರುಪೇಟೆಗೆ ಬಂದ ಮೊದಲ ದಿನವೇ ನೂರು ಕೋಟಿ ಡಾಲರ್ ಬೆಲೆ ದಾಟಿತು.

ಆ ಕಾಲದ ನಿಧಿಗಳು ಹಣ ಕೊಡುತ್ತಿದ್ದ ಒಂದು ಬಗೆ ನನಗೆ ತುಂಬಾ ಇಷ್ಟ. ಅದರ ಹೆಸರು 'ಷರತ್ತಿನ ಸಾಲ'. ಅದಕ್ಕೆ ಬಡ್ಡಿಯಿಲ್ಲ. ಮಾಲು ಮಾರಾಟವಾಗತೊಡಗಿದ ಮೇಲೆ ವಹಿವಾಟಿನಲ್ಲಿ ನೂರಕ್ಕೆ ಇಷ್ಟೆಂದು ರಾಯಲ್ಟಿ ಕೊಡಬೇಕು. ಮಾರಾಟವೇ ಆಗದಿದ್ದರೆ ರಾಯಲ್ಟಿಯೂ ಇಲ್ಲ. ಮುಕ್ಕಾಲುಪಾಲು ಸರ್ಕಾರಿ ಕಾಗದಪತ್ರದ ಭಾಷೆಯಲ್ಲಿ ಬರೆದ ಕುರಿ ಪಾಲು ಅದು! ನಿಯಮಗಳೂ ಬಿಗಿಯಾಗಿದ್ದವು. 1988ರ ನವೆಂಬರಿನ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಯೋಜನೆ 10 ಕೋಟಿ ಮೀರಬಾರದು, ತಂತ್ರಜ್ಞಾನ ಹೊಸದಾಗಿರಬೇಕು. ಸಾಲದ ಕಡತ ನೋಡಿ ಪಳಗಿದ ಕಣ್ಣು, ಇನ್ನೂ ಇಲ್ಲದ ಯಂತ್ರವನ್ನು, ಇನ್ನೂ ಇಲ್ಲದ ಗಿರಾಕಿಯನ್ನು ನೋಡುವುದನ್ನು ಕಲಿಯಬೇಕಾಯಿತು. ಬ್ಯಾಂಕರ್ ಕೇಳುವುದು ನೀನು ಸೋತರೆ ಏನು ಮಾರಬಹುದು ಎಂದು; ಇವರು ಕೇಳಬೇಕಾದದ್ದು ನೀನು ಗೆದ್ದರೆ ಎಷ್ಟು ದೊಡ್ಡವನಾಗುತ್ತೀ ಎಂದು.

ನಾಡಕರ್ಣಿ ಅಲ್ಲಿಗೇ ನಿಲ್ಲಲಿಲ್ಲ. 1995ರಲ್ಲಿ ಅಮೆರಿಕದ ಬಿಲ್ ಡ್ರೇಪರ್ ಭಾರತಕ್ಕೆಂದೇ ಡ್ರೇಪರ್ ಇಂಟರ್‌ನ್ಯಾಷನಲ್ ಕಟ್ಟಿದಾಗ ಅದರ ಇಲ್ಲಿನ ಹೊಣೆ ಹೊತ್ತರು. ಆಮೇಲೆ 2000ದಲ್ಲಿ ಬೆಂಗಳೂರಿನಲ್ಲಿ ಜಂಪ್‌ಸ್ಟಾರ್ಟ್‌ಅಪ್ ಎಂಬ ನಿಧಿಯ ಸ್ಥಾಪಕರಲ್ಲಿ ಒಬ್ಬರಾದರು. ಅದೇ ಮಾರ್ಚಿನಲ್ಲಿ ನಾಸ್ಡಾಕ್ ಶಿಖರ ಮುಟ್ಟಿ ಜಾರತೊಡಗಿತ್ತು. ಸಂಬಳದ ಅಧಿಕಾರಿಗೂ ಸ್ಥಾಪಕನಿಗೂ ಇರುವ ಅಂತರ ಕಾಣುವುದು ಇಂಥ ವರ್ಷಗಳಲ್ಲೇ. ನಿಧಿ ನಡೆಸುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ ನಿಧಿಯ ನೂರಕ್ಕೆ 2ರಷ್ಟು ನಿರ್ವಹಣಾ ಶುಲ್ಕ ಬರುತ್ತದೆ, ಲಾಭ ಬಂದರೆ ಅದರಲ್ಲಿ ನೂರಕ್ಕೆ 20. ಲಾಭ ಬರದಿದ್ದರೆ ಹತ್ತು ವರ್ಷ ಹಟ್ಟಿ ಕಾಯ್ದದ್ದಷ್ಟೇ ಉಳಿಯುವುದು, ಜೊತೆಗೆ ಮುಂದಿನ ನಿಧಿಗೆ ಹಣ ಹಾಕುವವರೂ ಸಿಗುವುದಿಲ್ಲ.

ಇತ್ತ ಬೆಂಗಳೂರಿನ ಟಿಡಿಐಸಿಐ ಹೆಸರು ಬದಲಿಸಿಕೊಂಡು ಐಸಿಐಸಿಐ ವೆಂಚರ್ ಆಯಿತು. 2001ರಲ್ಲಿ ಅದರ ಚುಕ್ಕಾಣಿ ಹಿಡಿದ ರೇಣುಕಾ ರಾಮನಾಥ್ ಜವಳಿ ಇಂಜಿನಿಯರಿಂಗ್ ಓದಿ, ಐಸಿಐಸಿಐಯ ಮರ್ಚೆಂಟ್ ಬ್ಯಾಂಕಿಂಗಿನಲ್ಲಿ ಕಸುಬು ಕಲಿತವರು. 2009ರಲ್ಲಿ ಆ ದೊಡ್ಡ ಮನೆ ಬಿಟ್ಟು ಮುಂಬೈಯಲ್ಲಿ ಮಲ್ಟಿಪಲ್ಸ್ ಎಂಬ ತಮ್ಮದೇ ಪ್ರೈವೇಟ್ ಇಕ್ವಿಟಿ ಸಂಸ್ಥೆ ಕಟ್ಟಿದರು. ಅಷ್ಟರಲ್ಲಿ ಕಸುಬಿನ ಸ್ವರೂಪವೇ ಬದಲಾಗಿತ್ತು. ಗ್ಯಾರೇಜಿನ ಕನಸಿಗಿಂತ ಬೆಳೆದು ನಿಂತ ಕಂಪನಿಯ ದೊಡ್ಡ ಪಾಲು ಕೊಳ್ಳುವುದು ಮುಖ್ಯವಾಗಿತ್ತು. ಷರತ್ತಿನ ಸಾಲದ ಕಾಲ ಮುಗಿದಿತ್ತು. ನನಗೆ ಅದರ ಬಗ್ಗೆ ಸ್ವಲ್ಪ ಬೇಸರವಿದೆ.

ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ, ಅಪ್ಪ ಆ ದಿನ ಬ್ಯಾಂಕಿನ ಬದಲು ಬೆಂಗಳೂರಿನ ಬಸ್ಸು ಹತ್ತಿ ನಾಡಕರ್ಣಿಯವರ ಕಚೇರಿಗೆ ಹೋಗಿದ್ದರೆ? ಅವರೂ ಹಣ ಹಾಕುತ್ತಿರಲಿಲ್ಲ. ಪಹಣಿ ಕೇಳುತ್ತಿರಲಿಲ್ಲ, ನಿಜ. ಆದರೆ ಹತ್ತು ವರ್ಷದೊಳಗೆ ಹಾಕಿದ ಹಣವನ್ನು ಹಲವು ಪಟ್ಟು ಮಾಡಿ, ಪಾಲನ್ನು ಬೇರೆಯವರಿಗೆ ಮಾರಿ ಹೊರಬರಲೇಬೇಕು ಅವರು. ನಮ್ಮೂರ ಎಣ್ಣೆ ಗಾಣದ ಪಾಲನ್ನು ಯಾರು ಕೊಳ್ಳುತ್ತಾರೆ? ಅದು ಮಳೆ ಬಂದ ವರ್ಷ ತಿರುಗಿ, ಬಾರದ ವರ್ಷ ನಿಂತು, ಒಂದು ಮನೆಯನ್ನು ಮೂವತ್ತು ವರ್ಷ ಸಾಕಬಹುದಾಗಿದ್ದ ಗಾಣ.